ರಾಟೆಗೆ ಎಣ್ಣೆ ಬಿಡಿ ಅಂದ್ರು ಪಕ್ಕದ ಮನೆಯವರು

ಗಿನಿ ಕೋಳಿ ತಂದ ಮೂರನೇ ದಿನ ಬೆಳಿಗ್ಗೆ ಪಕ್ಕದ ಮನೆಯ ಯಜಮಾನರು ಬೇಲಿ ಹತ್ತಿರ ಬಂದು ನಿಂತರು. "ನಿಮ್ಮ ಬಾವಿ ರಾಟೆಗೆ ಒಂಚೂರು ಎಣ್ಣೆ ಬಿಡಬಾರ್ದಾ?" ಅಂತ ಕೇಳಿದರು. ನಮ್ಮ ಬಾವಿಗೆ ಮೋಟಾರು ಕೂರಿಸಿ ಹದಿನೈದು ವರ್ಷ ಆಯ್ತು. ರಾಟೆ ತೂಗುತ್ತಿದ್ದ ಕಂಬವೂ ಈಗಿಲ್ಲ. ಅವರಿಗೆ ಕೇಳಿಸಿದ್ದು ನಮ್ಮ ಹಲಸಿನ ಮರದ ಮೇಲೆ ಕೂತಿದ್ದ ಗಿನಿ ಕೋಳಿಗಳ ಸುಪ್ರಭಾತ.

ಕೇಳದವರಿಗೆ ಆ ಸದ್ದನ್ನು ಹೇಳಿ ಅರ್ಥ ಮಾಡಿಸುವುದು ಕಷ್ಟ. ಹುಂಜ ಕೂಗುತ್ತೆ, ಮುಗಿಸುತ್ತೆ. ಇವು ಮುಗಿಸುವುದಿಲ್ಲ. ಒಂದು ಶುರು ಮಾಡಿದರೆ ಉಳಿದವು ಸೇರಿಕೊಳ್ಳುತ್ತವೆ. ಆಮೇಲೆ ಯಾತಕ್ಕೆ ಶುರು ಮಾಡಿದ್ದು ಅನ್ನೋದೇ ಮರೆತುಹೋದ ಹಾಗೆ ಅರ್ಧ ಗಂಟೆ ಎಳೆಯುತ್ತವೆ.

ಈಗ ಎರಡು ವರ್ಷ ಕಳೆದಿದೆ. ಮನೆಯಲ್ಲಿ ಆಗಲೇ ನಾಟಿ ಕೋಳಿ ಇದೆ, ಜೊತೆಗೆ ನಾಲ್ಕು ಗಿನಿ ಕೋಳಿ ಬಿಡಬಹುದಾ ಅಂತ ಆಗಾಗ ಯಾರಾದರೂ ಕೇಳುತ್ತಾರೆ. ಬಿಡಬಹುದು. ಆದರೆ ನಾನು ಬಿಟ್ಟ ಹಾಗೆ ಬಿಡಬೇಡಿ.

ನಾನು ತಂದಿದ್ದು ಉಣುಗಿನ ಭಯಕ್ಕೆ. ನಮ್ಮದು ಶಿವಮೊಗ್ಗ ಜಿಲ್ಲೆ, ಮನೆ ಹಿಂದೆ ಬ್ಯಾಣ, ಅಂದರೆ ಹುಲ್ಲುಗಾವಲು, ಅದರಾಚೆ ಕಾಡು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಪತ್ತೆಯಾದ, ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ ಇವತ್ತಿಗೂ ನಮ್ಮ ಕಡೆ ಬೇಸಿಗೆಯ ಮಾತು. ಸತ್ತ ಮಂಗ ಕಂಡಿತು ಅಂದರೆ ಸಾಕು, ಕಾಡಿನ ದರಗು (ಒಣ ಎಲೆ) ಗುಡಿಸಲು ಹೋಗುವವರು ಹತ್ತು ಸಲ ಯೋಚನೆ ಮಾಡುತ್ತಾರೆ. ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆಯನ್ನು ಕಾಲಿಗೆ ಬಳಿದುಕೊಂಡೇ ಹೊರಡಬೇಕು. ಹೀಗಿರುವಾಗ ಯಾರೋ ಹೇಳಿದರು, ಗಿನಿ ಕೋಳಿ ಉಣುಗನ್ನು ಹೆಕ್ಕಿ ತಿನ್ನುತ್ತೆ, ನಾಲ್ಕು ಸಾಕಿದರೆ ತೋಟದ ಸುತ್ತ ಒಂದೂ ಉಳಿಯುವುದಿಲ್ಲ ಅಂತ.

ಆ ಮಾತು ಪೂರ್ತಿ ಸುಳ್ಳಲ್ಲ. ಅಮೆರಿಕದ ಲಾಂಗ್ ಐಲೆಂಡ್‌ನಲ್ಲಿ ನಡೆಸಿ 1992ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಗಿನಿ ಕೋಳಿ ಓಡಾಡುವ ಹುಲ್ಲಿನಲ್ಲಿ ದೊಡ್ಡ ಉಣುಗು ಕಡಿಮೆಯಾಗಿದ್ದವು. ಆದರೆ ಆಮೇಲೆ ಬಂದ ಇನ್ನೊಂದು ಅಧ್ಯಯನ ಮರಿ ಉಣುಗು ಕಡಿಮೆಯಾಗಲಿಲ್ಲ ಅಂತ ಹೇಳಿತು. ಸಾಸಿವೆಗಿಂತ ಚಿಕ್ಕದಾದ ಆ ಮರಿ ಉಣುಗುಗಳೇ ಮಂಗನ ಕಾಯಿಲೆಯನ್ನು ಜಾಸ್ತಿ ಮನುಷ್ಯರಿಗೆ ದಾಟಿಸುವುದು. ಅಂದರೆ ಕಣ್ಣಿಗೆ ಕಾಣುವುದನ್ನು ಹಕ್ಕಿ ತಿನ್ನುತ್ತೆ, ನಮಗೆ ಅಪಾಯ ಮಾಡುವುದು ಹುಲ್ಲಿನಲ್ಲೇ ಉಳಿಯುತ್ತೆ. ಇದನ್ನು ನಾನು ಓದಿದ್ದು ಹಕ್ಕಿ ಮನೆಗೆ ಬಂದ ಮೇಲೆ. ಉಣುಗಿಗೆ ಅಂತ ಗಿನಿ ಕೋಳಿ ತರಬೇಡಿ. ಎಣ್ಣೆ ಬಳಿದುಕೊಳ್ಳುವುದನ್ನಂತೂ ಬಿಡಲೇಬೇಡಿ.

ಆಗ ನಮ್ಮ ಒಡ್ಡಿಯಲ್ಲಿ ಹದಿನಾಲ್ಕು ಕೋಳಿ ಇದ್ದವು. ಒಂದು ಹುಂಜ, ಹನ್ನೊಂದು ನಾಟಿ ಹೇಂಟೆ, ಎರಡು ಗಿರಿರಾಜ. ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿದ ಈ ಗಿರಿರಾಜ ತೂಕದಲ್ಲಿ ನಾಟಿ ಕೋಳಿಯನ್ನು ಹಿಂದೆ ಹಾಕುತ್ತೆ. ಹಾಗಂತ ನಮ್ಮನೆಯಲ್ಲಿ ಅವೆರಡಕ್ಕೆ ಕವಡೆ ಕಾಸಿನ ಬೆಲೆ ಇರಲಿಲ್ಲ. ಒಡ್ಡಿಯ ಯಜಮಾನಿಕೆ ಕೆಂಪಿಯದು. ಸಣಕಲು ದೇಹ, ಒಂದು ಉಗುರು ಮುರಿದ ಕಾಲು, ಆರು ವರ್ಷ ವಯಸ್ಸು. ನುಚ್ಚು ಹಾಕಿದರೆ ಮೊದಲ ಕೊಕ್ಕು ಅವಳದ್ದು. ರಾತ್ರಿ ಅಡಿಕೆ ದಬ್ಬೆಯ ಮೇಲೆ ಕೂರುವಾಗ ಗೋಡೆ ಪಕ್ಕದ ಮೂಲೆ ಅವಳದ್ದು. ಬೇರೆ ಯಾರಾದರೂ ಆ ಜಾಗದಲ್ಲಿ ಕೂತಿದ್ದರೆ ಕೆಂಪಿ ಕುಕ್ಕುವುದೂ ಇಲ್ಲ, ಎದುರಿಗೆ ನಿಂತು ಸುಮ್ನೆ ನೋಡುತ್ತಾಳೆ. ಕೂತವಳು ಎದ್ದು ಹೋಗುತ್ತಾಳೆ.

ಯಾವ ಕೋಳಿ ಯಾವುದನ್ನು ಕುಕ್ಕಬಹುದು, ಯಾವುದು ಯಾವುದಕ್ಕೆ ದಾರಿ ಬಿಡಬೇಕು ಅನ್ನುವ ಈ ಲೆಕ್ಕವನ್ನು 1920ರ ದಶಕದ ಆರಂಭದಲ್ಲಿ ಮೊದಲು ಬರೆದಿಟ್ಟವರು ನಾರ್ವೆಯ ಥೋರ್ಲೈಫ್ ಶೆಲ್ಡರಪ್-ಎಬ್ಬೆ. ಚಿಕ್ಕ ಹುಡುಗನಾಗಿದ್ದಾಗಿಂದ ಕೋಳಿಗಳನ್ನು ನೋಡಿ ನೋಡಿ ಬರೆದುಕೊಂಡವರು. ಪೆಕಿಂಗ್ ಆರ್ಡರ್ ಅಂತ ಈಗ ಆಫೀಸಿನ ಜಗಳಗಳಿಗೆಲ್ಲ ಬಳಸುವ ಮಾತು ಹುಟ್ಟಿದ್ದು ಹಾಗೆ, ಕೋಳಿಗೂಡಿನಿಂದ. ನಮ್ಮ ಅತ್ತೆ ಅವರ ಹೆಸರೇ ಕೇಳಿಲ್ಲ. ಆದರೆ ಹದಿನಾಲ್ಕು ಕೋಳಿಗಳ ಕ್ರಮ ಅವರ ಬಾಯಲ್ಲಿ ಮಗ್ಗಿಯ ಹಾಗೆ ಬರುತ್ತಿತ್ತು.

ಆ ಲೆಕ್ಕದೊಳಕ್ಕೆ ನಾನು ಒಂದು ಸಂಜೆ ಎಂಟು ಗಿನಿ ಕೋಳಿಗಳನ್ನು ತಂದು ಸುರಿದೆ.

ಮೂರು ತಿಂಗಳಿನ ಪಡ್ಡೆ ಹಕ್ಕಿಗಳು. ದೀಪಾವಳಿ ಹತ್ತಿರ ಬಂದಿತ್ತು, ಮಳೆ ನಿಂತಿತ್ತು. ರಟ್ಟಿನ ಪೆಟ್ಟಿಗೆಗೆ ತೂತು ಮಾಡಿ ಜೀಪಿನಲ್ಲಿ ಹಾಕಿಕೊಂಡು ಬಂದೆವು. ಅತ್ತೆ ಟಾರ್ಚು ಹಿಡಿದು ನೋಡಿದರು. ಬೂದು ಮೈ ತುಂಬ ಬಿಳಿ ಚುಕ್ಕಿ, ಗರಿಯಿಲ್ಲದ ನೀಲಿ-ಬಿಳಿ ಮುಖ, ನೆತ್ತಿ ಮೇಲೆ ಆಗಷ್ಟೇ ಮೂಡುತ್ತಿದ್ದ ಕೊಂಬಿನಂಥ ಗಂಟು.

"ಎಂತ ಮಾರಾಯ್ತಿ ಇದು? ಟರ್ಕಿನಾ?"

"ಅಲ್ಲ ಅತ್ತೆ, ಗಿನಿ ಕೋಳಿ. ಆಫ್ರಿಕಾದ್ದು."

ಅವರಿಗೆ ಗೊಂದಲವಾಗಿದ್ದು ತಪ್ಪೇನಲ್ಲ. ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ 1758ರಲ್ಲಿ ಈ ಹಕ್ಕಿಯ ವೈಜ್ಞಾನಿಕ ಹೆಸರಿಗೆ ಗ್ರೀಕರು ಕರೆಯುತ್ತಿದ್ದ ಮೆಲಿಯಾಗ್ರಿಸ್ ಅನ್ನುವ ಹೆಸರನ್ನು ಸೇರಿಸಿದ. ಅದೇ ಹೆಸರನ್ನು ಅಮೆರಿಕದಿಂದ ಬಂದ ಟರ್ಕಿಗೂ ಇಟ್ಟ. ಒಡಹುಟ್ಟಿದವನು ಸತ್ತಾಗ ಅತ್ತೂ ಅತ್ತೂ ಅಕ್ಕತಂಗಿಯರು ಹಕ್ಕಿಗಳಾದರು, ಕಣ್ಣೀರೇ ಮೈಮೇಲಿನ ಬಿಳಿ ಚುಕ್ಕಿ ಆಯಿತು ಅಂತ ಗ್ರೀಕರ ಕಥೆ. ಅಳುವಿನ ಕಥೆ ಕಟ್ಟಿದವರು ಈ ಹಕ್ಕಿಯ ಪಕ್ಕದ ಮನೆಯಲ್ಲೇ ಇದ್ದಿರಬೇಕು. ನಮ್ಮ ದೇಶದಲ್ಲಿ ಬರೇಲಿ ಹತ್ತಿರದ ಇಜ್ಜತ್‌ನಗರದ ಕೇಂದ್ರ ಹಕ್ಕಿ ಸಂಶೋಧನಾ ಸಂಸ್ಥೆಯವರು ಇದರಲ್ಲಿ ಮೂರು ತಳಿ ಮಾಡಿದ್ದಾರೆ. ಹೆಸರು ಕಾದಂಬರಿ, ಚಿತಾಂಬರಿ, ಶ್ವೇತಾಂಬರಿ. ಕೋಳಿಗೆ ಕಾದಂಬರಿ ಅಂತ ಹೆಸರಿಟ್ಟರೆ ಕನ್ನಡದವರಿಗೆ ನಗು ಬರದೇ ಇರುತ್ತಾ? ನಮ್ಮವು ಯಾವ ತಳಿಯೋ, ಮಾರಿದವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳದೇ ಬಿಟ್ಟಿದ್ದು ಅದೊಂದನ್ನೇ ಅಲ್ಲ.

ಕತ್ತಲಲ್ಲಿ ಕೋಳಿಗೆ ಕಣ್ಣು ಕಾಣುವುದಿಲ್ಲ, ರಾತ್ರಿ ಒಳಗೆ ಬಿಟ್ಟರೆ ಬೆಳಿಗ್ಗೆ ಎದ್ದಾಗ ಮೊದಲಿಂದ ಇದ್ದವರ ಹಾಗೆ ಇರುತ್ತವೆ ಅಂತ ಎಲ್ಲರೂ ಹೇಳುತ್ತಾರೆ. ಒಂದು ನಾಟಿ ಹೇಂಟೆಯನ್ನು ಇನ್ನೊಂದು ನಾಟಿ ಹಿಂಡಿಗೆ ಸೇರಿಸುವಾಗ ಅದು ಸುಮಾರಿಗೆ ನಡೆಯುತ್ತೆ. ನಾನೂ ಹಾಗೇ ಮಾಡಿದೆ. ರಾತ್ರಿ ಸದ್ದಿಲ್ಲ. ಬೆಳಕು ಹರಿಯುವಾಗ ಒಡ್ಡಿ ಒಳಗೆ ತಗಡು ಉರುಳಿದ ಹಾಗೆ ಸದ್ದು. ಹೋಗಿ ನೋಡಿದರೆ ಎಂಟೂ ಗಿನಿ ಕೋಳಿ ಒಂದು ಮೂಲೆಯಲ್ಲಿ ಒಂದರ ಮೇಲೊಂದು ಹತ್ತಿಕೊಂಡಿವೆ. ಕೆಂಪಿ ನಡುವೆ ನಿಂತು ಸಿಕ್ಕಿದ ತಲೆಗೆ ಕುಕ್ಕುತ್ತಿದ್ದಾಳೆ. ನಾನು ಗಾಬರಿಯಲ್ಲಿ ಬಾಗಿಲು ತೆಗೆದೆ. ಎಂಟೂ ಬಾಣದ ಹಾಗೆ ಹೊರಬಿದ್ದು, ಅಂಗಳದಿಂದಲೇ ಮೇಲೆದ್ದು, ಹಲಸಿನ ಮರದ ತುದಿ ಸೇರಿದವು.

ಮರದಲ್ಲಿ ಎರಡು ರಾತ್ರಿ ಕಳೆದವು. ಎರಡನೇ ರಾತ್ರಿ ಒಂದು ಹೋಯಿತು. ಕಾಡುಬೆಕ್ಕೋ ಗೂಬೆಯೋ, ಬುಡದಲ್ಲಿ ಒಂದು ಹಿಡಿ ಚುಕ್ಕಿ ಗರಿ ಬಿದ್ದಿತ್ತು. ರಾಟೆ ಪ್ರಸಂಗ ನಡೆದಿದ್ದು ಅದರ ಮಾರನೇ ಬೆಳಿಗ್ಗೆ, ಉಳಿದ ಏಳು ಆ ಒಂದನ್ನು ಕೂಗಿ ಕೂಗಿ ಕರೆಯುತ್ತಿದ್ದಾಗ. ಪಕ್ಕದ ಮನೆಯವರಿಗೆ ನಾನು ಏನೂ ಹೇಳಲಿಲ್ಲ.

ಹಸಿವಾಗಿ ಕೊನೆಗೆ ಅವೇ ಇಳಿದವು. ಖಾಲಿ ಬಿದ್ದಿದ್ದ ಹಳೇ ಕೊಟ್ಟಿಗೆಯ ಬಾಗಿಲಿನಿಂದ ಒಳಗಿನವರೆಗೆ ನವಣೆ ಚೆಲ್ಲಿ, ಅಡಗಿ ಕೂತು, ಏಳೂ ಒಳಗೆ ಹೋದ ಮೇಲೆ ಬಾಗಿಲು ಎಳೆದೆವು. ಊರಲ್ಲಿ ಒಬ್ಬರು ಬಂದು ನೋಡಿ, "ಹೊಸ ಸೊಸೆ ಬಂದ ಹಾಗೆ ಬಿಡಿ, ನಾಲ್ಕು ದಿನ ಗಲಾಟೆ, ಆಮೇಲೆ ಹೊಂದಿಕೊಳ್ತವೆ" ಅಂದರು. ಅತ್ತೆ ತಕ್ಷಣ, "ಸೊಸೆ ಒಬ್ಬಳೇ ಬರ್ತಾಳೆ. ಇವು ಎಂಟು ಬಂದಿದ್ವು" ಅಂದರು. ಸುಮ್ನೆ ಅಂದ ಮಾತು. ನನಗೆ ಅದರ ಅರ್ಥ ಆಗಿದ್ದು ಐದು ತಿಂಗಳ ನಂತರ.

ಅದಕ್ಕೆ ಮೊದಲು ಇನ್ನೊಂದು ಪೆಟ್ಟು ಬಿತ್ತು. ಒಂದು ವಾರ ಕಳೆದ ಮೇಲೆ ಒಂದು ಗಿರಿರಾಜ ಸೀನತೊಡಗಿತು. ಕಣ್ಣು ಊದಿತು, ಉಸಿರಾಡುವಾಗ ಗೊರಗೊರ ಸದ್ದು. ಅದು ಹೋಯಿತು, ಹಿಂದೆಯೇ ಒಂದು ನಾಟಿ ಹೇಂಟೆ. ಪಶುವೈದ್ಯರಿಗೆ ಫೋನ್ ಮಾಡಿದೆ. ಅವರು ರೋಗದ ಲಕ್ಷಣ ಕೇಳುವ ಮೊದಲು ಕೇಳಿದ್ದು, "ಹೊಸದಾಗಿ ಹಕ್ಕಿ ತಂದ್ರಾ? ಎಷ್ಟು ದಿನ ಬೇರೆ ಇಟ್ಟಿದ್ರಿ?" ಅಂತ. ಒಂದು ರಾತ್ರಿಯೂ ಇಟ್ಟಿರಲಿಲ್ಲ. ಗಿನಿ ಕೋಳಿಗಳಿಂದಲೇ ಬಂತು ಅಂತ ನಾನು ಆಣೆ ಮಾಡಿ ಹೇಳಲಾರೆ. ಆದರೆ ಬೇರೆ ಕಡೆಯಿಂದ ಬಂದ ಹಕ್ಕಿ ತಾನು ಗಟ್ಟಿಯಾಗಿದ್ದುಕೊಂಡೇ ರೋಗವನ್ನು ಹೊತ್ತು ತರಬಹುದು. ಒಡ್ಡಿಯಲ್ಲಿರುವ ಹಕ್ಕಿಗೆ ಆ ರೋಗದ ಪರಿಚಯವೇ ಇರುವುದಿಲ್ಲ. ಇದು ಎರಡೂ ಕಡೆಗೆ ನಡೆಯುವ ವ್ಯವಹಾರ. ನಮ್ಮ ಕೋಳಿಗಳ ಹೊಟ್ಟೆಯಲ್ಲಿ ಹಾಯಾಗಿರುವ ಜಂತುಹುಳುವಿನ ಜೊತೆ ಗಿನಿ ಕೋಳಿಗೆ ಅಪಾಯವಾಗುವ ಕಾಯಿಲೆಯೂ ದಾಟಬಹುದು.

ಒಂದು ತಿಂಗಳು ಬೇರೆ ಇಡಿ ಅಂದರು ವೈದ್ಯರು. ಬೇರೆ ಅಂದರೆ ನೀರಿನ ಪಾತ್ರೆ ಬೇರೆ, ಮೇವಿನ ಪಾತ್ರೆ ಬೇರೆ, ಮೊದಲು ಹಳೇ ಕೋಳಿಗಳ ಕೆಲಸ ಮುಗಿಸಿ ಆಮೇಲೆ ಹೊಸವುಗಳ ಹತ್ತಿರ ಹೋಗುವುದು, ಚಪ್ಪಲಿಯೂ ಬೇರೆ. ಕೊಕ್ಕರೆ ರೋಗಕ್ಕೆ (ರಾಣಿಖೇತ್) ಲಸಿಕೆಯನ್ನೂ ಆಗಲೇ ಹಾಕಿಸಿದೆವು. ಗಿನಿ ಕೋಳಿ ಗಟ್ಟಿ ಜಾತಿ, ರೋಗ ಬರಲ್ಲ ಅಂತ ಮಾರುವವರು ಹೇಳುತ್ತಾರೆ. ಗಟ್ಟಿ ಹೌದು. ಬರಲ್ಲ ಅನ್ನುವುದು ಸುಳ್ಳು.

ತಿಂಗಳು ಕಳೆಯಿತು. ಕೊಟ್ಟಿಗೆಯ ಒಂದು ಗೋಡೆಗೆ ಒಡ್ಡಿ ತಾಗಿಕೊಂಡಿದೆ. ಆ ಗೋಡೆಯಲ್ಲಿ ಮೂರು ಹಲಗೆ ಕಿತ್ತು ಸಣ್ಣ ಕಣ್ಣಿನ ಜಾಲರಿ ಹೊಡೆದೆವು. ಒಬ್ಬರಿಗೊಬ್ಬರು ಕಾಣಬೇಕು, ಕೊಕ್ಕು ತಾಗಬಾರದು. ಬೆಳಿಗ್ಗೆ ಸಂಜೆ ಜಾಲರಿಯ ಈಚೆಗೂ ಆಚೆಗೂ ಒಟ್ಟಿಗೇ ನುಚ್ಚು ಹಾಕುತ್ತಿದ್ದೆ. ಮೊದಲ ಎರಡು ದಿನ ಹುಂಜ ಒಂದು ರೆಕ್ಕೆ ಇಳಿಬಿಟ್ಟು ಜಾಲರಿ ಉದ್ದಕ್ಕೂ ಕುಣಿದ. ಗಿನಿ ಕೋಳಿಗಳು ಆ ತುದಿಯಿಂದ ಈ ತುದಿಗೆ ಓಡಿ ಓಡಿ ನೆಲದಲ್ಲಿ ದಾರಿಯನ್ನೇ ಮಾಡಿದವು. ಕೆಂಪಿ ಆ ಕಡೆ ತಿರುಗಿಯೂ ನೋಡಲಿಲ್ಲ. ಎರಡನೇ ವಾರದ ಒಂದು ಮಧ್ಯಾಹ್ನ ಒಂದು ಹೇಂಟೆ ಜಾಲರಿಗೆ ಬೆನ್ನು ಒರಗಿಸಿಕೊಂಡು ಧೂಳು ಸ್ನಾನ ಮಾಡುತ್ತಿತ್ತು. ಆಚೆಗೆ ಒಂದು ಬೆರಳಿನಷ್ಟು ದೂರದಲ್ಲಿ ಎರಡು ಗಿನಿ ಕೋಳಿ ಬಿದ್ದುಕೊಂಡು ಅದನ್ನೇ ಮಾಡುತ್ತಿದ್ದವು. ಅದನ್ನು ನೋಡಿದಾಗ ಧೈರ್ಯ ಬಂತು.

ಒಟ್ಟು ಆರು ವಾರ ಅವು ಕೊಟ್ಟಿಗೆ ಬಿಟ್ಟು ಹೊರಗೆ ಬರಲಿಲ್ಲ. ಕೋಳಿಯ ಜೊತೆ ಹೊಂದಿಕೊಳ್ಳಲಿ ಅನ್ನುವುದಕ್ಕಿಂತ ಇದೇ ತಮ್ಮ ಮನೆ ಅಂತ ಗೊತ್ತಾಗಲಿ ಅನ್ನುವುದು ಇದರಲ್ಲಿ ಮುಖ್ಯ. ನಾಟಿ ಕೋಳಿ ಎರಡೇ ದಿನದಲ್ಲಿ ಗೂಡು ಕಲಿಯುತ್ತೆ. ಗಿನಿ ಕೋಳಿಗೆ ಗೂಡೇ ಬೇಡ, ಮರ ಸಾಕು. ಅದರ ಊರಿನಲ್ಲಿ ಅದು ಮಲಗುವುದೇ ಮರದ ಮೇಲೆ. ಹೊರಗೆ ಬಿಟ್ಟಿದ್ದೂ ಒಟ್ಟಿಗಲ್ಲ. ಮೊದಲ ದಿನ ಸಂಜೆ, ಮೇವು ಹಾಕುವ ಹೊತ್ತಿಗೆ ಸ್ವಲ್ಪ ಮೊದಲು, ಎರಡನ್ನೇ ಬಿಟ್ಟೆ. ಐದು ಒಳಗೆ ಕೂಗುತ್ತಿದ್ದವು. ಹೊರಗಿನ ಎರಡು ಕೊಟ್ಟಿಗೆಯ ಸುತ್ತಲೇ ಸುತ್ತಿದವು, ಹತ್ತು ಮಾರು ದೂರ ಹೋಗಲಿಲ್ಲ. ಬಾಗಿಲು ತೆಗೆದ ಕೂಡಲೇ ಒಳಗೆ ಓಡಿದವು. ಮಾರನೇ ದಿನ ಬೇರೆ ಎರಡು. ಏಳನ್ನೂ ಒಟ್ಟಿಗೆ ಬಿಡುವ ಹೊತ್ತಿಗೆ ಹತ್ತು ದಿನ ಹಿಡಿಯಿತು.

ಈಗ ಒಡ್ಡಿಯದೇ ಸಮಸ್ಯೆ. ಗಿನಿ ಕೋಳಿಗೆ ಎತ್ತರದ ಜಾಗ ಬೇಕು, ಎತ್ತರದ ಜಾಗ ಕೆಂಪಿಯದ್ದು. ಅದಕ್ಕೆ ಹಳೇ ದಬ್ಬೆಯನ್ನು ಮುಟ್ಟಲಿಲ್ಲ. ಅದಕ್ಕಿಂತ ಎರಡಡಿ ಮೇಲೆ, ಎದುರು ಗೋಡೆಗೆ ಹೊಸ ದಬ್ಬೆ ಕಟ್ಟಿದೆವು. ಕೆಂಪಿಗೆ ಮೂಲೆ ಬೇಕಿತ್ತೇ ಹೊರತು ಎತ್ತರ ಅಲ್ಲ. ಇದು ಮೊದಲೇ ಹೊಳೆದಿದ್ದರೆ! ಮೇವಿನ ಪಾತ್ರೆ ಒಂದಿದ್ದಿದ್ದು ಮೂರಾಯಿತು, ಒಂದರಲ್ಲಿ ನಿಂತವರಿಗೆ ಇನ್ನೊಂದು ಕಾಣದ ಹಾಗೆ. ಒಡ್ಡಿಗೆ ಇನ್ನೊಂದು ಬದಿಯಿಂದಲೂ ಕಿಂಡಿ ಕೊಯ್ದೆವು. ಇಷ್ಟೆಲ್ಲ ಯಾಕೆ ಬೇಕಾಯಿತು ಅಂತ ಹೇಳಬೇಕಾದರೆ ಅವುಗಳ ಜಗಳದ ಬಗ್ಗೆ ಹೇಳಬೇಕು.

ಕೋಳಿಯ ಜಗಳಕ್ಕೆ ಒಂದು ಕೊನೆ ಇದೆ. ಎರಡು ಹೇಂಟೆ ಎದುರುಬದುರಾಗಿ ಕತ್ತಿನ ಗರಿ ಕೆದರಿ ನಿಲ್ಲುತ್ತವೆ, ಹಾರುತ್ತವೆ, ಕುಕ್ಕುತ್ತವೆ. ಒಂದು ತಲೆ ತಗ್ಗಿಸಿ ನಾಲ್ಕು ಹೆಜ್ಜೆ ಪಕ್ಕಕ್ಕೆ ಹೋದರೆ ಮುಗಿಯಿತು. ಗೆದ್ದವಳು ಹಿಂದೆ ಹೋಗುವುದಿಲ್ಲ, ನೆಲ ಕೆದರುತ್ತಾಳೆ. ತಲೆ ತಗ್ಗಿಸಿದ್ದಕ್ಕೆ ಅರ್ಥ ಇದೆ, ಅದು ಇಬ್ಬರಿಗೂ ಗೊತ್ತು. ಗಿನಿ ಕೋಳಿ ಜಗಳ ಮಾಡುವುದು ಓಡಿಸಿಕೊಂಡು. ಬೆನ್ನು ಗೂನು ಮಾಡಿ, ತಲೆ ಮುಂದೆ ಚಾಚಿ, ಎದುರಾಳಿ ಸುಸ್ತಾಗುವವರೆಗೆ ಅಂಗಳ ಸುತ್ತಿಸುತ್ತೆ. ತಮ್ಮತಮ್ಮಲ್ಲಿ ಅವರಿಗದು ಆಟದ ಹಾಗೆ, ಇಬ್ಬರೂ ಸಮಸಮ ಓಡುತ್ತಾರೆ. ಅದೇ ಗಿನಿ ಕೋಳಿ ಹುಂಜದ ಮೇಲೆ ಬಿದ್ದಾಗ ಹುಂಜ ನಾಲ್ಕು ಹೆಜ್ಜೆ ಸರಿದು, ತನ್ನ ಲೆಕ್ಕದಲ್ಲಿ ಸೋಲೊಪ್ಪಿಕೊಂಡು ನಿಲ್ಲುತ್ತೆ. ಗಿನಿ ಕೋಳಿಗೆ ಅದು ಸೋಲೊಪ್ಪಿಕೊಂಡ ಹಾಗೆ ಕಾಣುವುದೇ ಇಲ್ಲ. ನಿಂತ ಹಕ್ಕಿ ಸಿಕ್ಕಿತು ಅಂತ ಬಾಲದ ಗರಿ ಕಿತ್ತುಕೊಳ್ಳುತ್ತೆ. ಒಂದು ಶುರು ಮಾಡಿದರೆ ಉಳಿದ ಆರು ಏನು ಎತ್ತ ಕೇಳದೆ ಹಿಂದಿಂದ ಸೇರುತ್ತವೆ. ಅತ್ತೆಯ ಮಾತು ಆಗ ನೆನಪಾಯಿತು. ಕೆಂಪಿಯ ಲೆಕ್ಕದಲ್ಲಿ ಒಂದು ಹಕ್ಕಿಗೆ ಒಂದು ಜಾಗ. ಈ ಏಳು ಆ ಲೆಕ್ಕಕ್ಕೆ ಒಂದೊಂದಾಗಿ ಸಿಗುವುದೇ ಇಲ್ಲ, ಒಟ್ಟಿಗೇ ಒಂದು ಹಕ್ಕಿ.

ಎರಡು ಬಾಗಿಲು, ಒಂದಕ್ಕೊಂದು ಕಾಣದ ಮೇವಿನ ಪಾತ್ರೆ, ಅಂಗಳದ ಮೂಲೆಯಲ್ಲಿ ಒರಗಿಸಿಟ್ಟ ಅಡಿಕೆ ಸೋಗೆಯ ಮರೆ, ಇವೆಲ್ಲ ಅದಕ್ಕೆ. ಓಡುವವರಿಗೆ ಓಡಲು ದಾರಿ ಇರಬೇಕು, ಕಣ್ಣಿಗೆ ಮರೆಯಾಗಲು ಜಾಗ ಇರಬೇಕು. ಕಣ್ಣಿಗೆ ಕಾಣದಿದ್ದರೆ ಗಿನಿ ಕೋಳಿ ತಾನು ಯಾರನ್ನು ಅಟ್ಟುತ್ತಿದ್ದೆ ಅನ್ನುವುದನ್ನೇ ಮರೆಯುತ್ತೆ. ಅದರ ತಲೆ ಅಷ್ಟೇ ಸಣ್ಣದು, ದೇವರು ದೊಡ್ಡವನು.

ಚಳಿಗಾಲ ಹೀಗೇ ಕಳೆಯಿತು. ನಿಜವಾದ ಗಲಾಟೆ ಶಿವರಾತ್ರಿ ಕಳೆದ ಮೇಲೆ. ಗಿನಿ ಕೋಳಿ ನಮ್ಮ ಕೋಳಿಯ ಹಾಗೆ ವರ್ಷವಿಡೀ ಮೊಟ್ಟೆ ಇಡುವುದಿಲ್ಲ, ಅದರ ಕಾಲ ಮಾರ್ಚಿನಿಂದ ಸುಮಾರು ಸೆಪ್ಟೆಂಬರ್‌ವರೆಗೆ. ಆ ಹೊತ್ತಿಗೆ ಗಂಡು ಹಕ್ಕಿಗಳಿಗೆ ಹುಂಜ ಕಣ್ಣಿಗೆ ಬೀಳಬಾರದು. ಗಂಡು ಯಾವುದು, ಹೆಣ್ಣು ಯಾವುದು ಅಂತ ನೋಡಿ ಹೇಳುವುದು ಕಷ್ಟ. ಗಂಡಿನ ಗಲ್ಲದ ಜೋಲು ಸ್ವಲ್ಪ ದೊಡ್ಡದು, ಅಷ್ಟೇ. ಕಿವಿಗೆ ಮಾತ್ರ ಮೋಸವಿಲ್ಲ. ಗಂಡು ಚಿ-ಚಿ-ಚಿ ಅಂತ ಒಂದೇ ಅಕ್ಷರ ಹೊಡೆಯುತ್ತೆ. ಎರಡಕ್ಷರದ ಕೂಗು, ಎರಡನೆಯದನ್ನು ಮೇಲಕ್ಕೆ ಎಳೆಯುವುದು, ಹೆಣ್ಣಿನದ್ದು ಮಾತ್ರ. ಅತ್ತೆಯ ಕಿವಿಗೆ ಅದು "ಎಲ್ಲೀ? ಎಲ್ಲೀ?" ಅಂತ ಕೇಳುತ್ತೆ. ಒಂದು ದಿನ ಇಬ್ಬರೂ ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಾ ಎಣಿಸಿದೆವು. ಎಲ್ಲೀ ಅನ್ನುವವು ಮೂರು. ಗಂಡು ನಾಲ್ಕು. ಹೆಣ್ಣಿಗಿಂತ ಗಂಡು ಜಾಸ್ತಿ ಇದ್ದರೆ ಅಂಗಳದಲ್ಲಿ ಶಾಂತಿ ಎಲ್ಲಿಂದ ಬರಬೇಕು?

ಎರಡು ಸಾರಾದವು. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ, ಕೋಳಿ ಸಾಕುವ ಮನೆ ನಮ್ಮದು. ಮಾಂಸ ಕಪ್ಪು, ಕೊಬ್ಬಿಲ್ಲ, ಬೇಯಲು ಹೊತ್ತು ಬೇಕು. ಕಡುಬಿನ ಜೊತೆ ತಿಂದೆವು. "ಥೇಟ್ ಕಾಡುಕೋಳಿ" ಅಂದರು ಅತ್ತೆ. ಕಾಡುಕೋಳಿಯ ರುಚಿ ನಿಮಗೆ ಹೇಗೆ ಗೊತ್ತು ಅಂತ ನಾನು ಕೇಳಲು ಹೋಗಲಿಲ್ಲ. ಹುಂಜಕ್ಕೆ ಒಂದು ತಿಂಗಳಲ್ಲಿ ಬಾಲ ಮತ್ತೆ ಬಂತು.

ಮೊಟ್ಟೆ ಹುಡುಕಿದ್ದು ಇನ್ನೊಂದು ಕಥೆ. ಒಡ್ಡಿಯಲ್ಲಿ ಒಂದೂ ಇಡಲಿಲ್ಲ. ತೋಟದ ದರೆ ಮೇಲೆ ಲಂಟಾನ ಪೊದೆಯಲ್ಲಿ, ಮೂರೂ ಸೇರಿ ಒಂದೇ ಗುಳಿಯಲ್ಲಿ ಹತ್ತೊಂಬತ್ತು ಮೊಟ್ಟೆ ಇಟ್ಟಿದ್ದವು. ನಲವತ್ತು ಗ್ರಾಂ ಆಸುಪಾಸಿನ ಸಣ್ಣ ಮೊಟ್ಟೆ, ಒಂದು ತುದಿ ಚೂಪು. ಸಿಪ್ಪೆ ಎಷ್ಟು ಗಟ್ಟಿ ಅಂದರೆ ದೋಸೆಕಾವಲಿಯ ಅಂಚಿಗೆ ಒಂದು ಸಲ ಹೊಡೆದರೆ ಒಡೆಯುವುದಿಲ್ಲ. ಪಕ್ಕದ ಮನೆಗೆ ಆರು ಕೊಟ್ಟೆ. ರಾಟೆ ವಿಷಯ ಆಮೇಲೆ ಎದ್ದಿಲ್ಲ.

ಉಳಿದ ಹದಿಮೂರನ್ನು ಕಾವಿಗೆ ಇಟ್ಟಿದ್ದು ಅತ್ತೆ. ಗಿನಿ ತಾಯಿ ಮರಿ ಮಾಡಿದರೆ ಇಬ್ಬನಿ ಬಿದ್ದ ಹುಲ್ಲಿನಲ್ಲಿ ಬೆಳಿಗ್ಗೆಯೇ ದರದರ ನಡೆಸಿಕೊಂಡು ಹೋಗುತ್ತೆ, ಒದ್ದೆಯಾದ ಮರಿ ಒಂದೊಂದೇ ಹಿಂದೆ ಬೀಳುತ್ತೆ ಅಂತ ಓದಿದ್ದೆ. ಒಣ ಹುಲ್ಲುಗಾವಲಿನ ಹಕ್ಕಿಗೆ ನಮ್ಮ ಮಲೆನಾಡಿನ ನೆಲ ಹೇಗೆ ಗೊತ್ತಿರುತ್ತೆ? ಆಗ ಒಂದು ಕರಿ ಹೇಂಟೆ ಕಾವಿಗೆ ಕೂತು ಬುಟ್ಟಿ ಬಿಟ್ಟು ಏಳುತ್ತಿರಲಿಲ್ಲ. ಏಪ್ರಿಲ್ ಮೊದಲ ವಾರ ಅದರ ಹೊಟ್ಟೆ ಕೆಳಗೆ ಹದಿಮೂರು ಗಿನಿ ಮೊಟ್ಟೆ ಹೋದವು. ನನ್ನದು ಒಂದೇ ಹಟ, ಕೋಳಿ ಮೊಟ್ಟೆ ಬೆರೆಸಬೇಡಿ ಅಂತ. ಕೋಳಿ ಮೊಟ್ಟೆ ಇಪ್ಪತ್ತೊಂದು ದಿನಕ್ಕೆ ಒಡೆಯುತ್ತೆ, ಗಿನಿ ಮೊಟ್ಟೆಗೆ ಇಪ್ಪತ್ತಾರರಿಂದ ಇಪ್ಪತ್ತೆಂಟು ದಿನ ಬೇಕು. ಬೆರೆಸಿದರೆ ಕೋಳಿ ಮರಿ ಹೊರಬಂದ ಕೂಡಲೇ ತಾಯಿ ಎದ್ದು ಹೋಗುತ್ತೆ, ಉಳಿದವು ಹಾಗೇ ತಣ್ಣಗಾಗುತ್ತವೆ.

ಇಪ್ಪತ್ತೊಂದನೇ ದಿನ ದಾಟಿದ ಮೇಲೆ ನನಗೆ ನಿದ್ದೆ ಬರಲಿಲ್ಲ. ಕರಿ ಹೇಂಟೆಗೆ ದಿನದ ಲೆಕ್ಕ ಇದೆಯೋ ಇಲ್ಲವೋ. ಇಪ್ಪತ್ತೈದನೇ ದಿನ ಅದು ಬುಟ್ಟಿಯಿಂದ ಎದ್ದು ಅರ್ಧ ಗಂಟೆ ಅಂಗಳದಲ್ಲಿ ಸುತ್ತಿತು. ಅತ್ತೆ ಅದಕ್ಕೆ ಒಂದು ಹಿಡಿ ಅಕ್ಕಿ ಹಾಕಿ, "ಇನ್ನೆರಡು ದಿನ ಕೂರು, ತಾಯಿ" ಅಂದರು. ಹೋಗಿ ಕೂತಿತು. ಇಪ್ಪತ್ತೇಳನೇ ದಿನ ಒಂಬತ್ತು ಮರಿ.

ಬೆನ್ನ ಮೇಲೆ ಕಂದು ಪಟ್ಟೆ, ಕೆಂಪು ಕೊಕ್ಕು, ಕೆಂಪು ಕಾಲು. ನಿಂತಲ್ಲಿ ನಿಲ್ಲದ ಜಾತಿ. ಮೊದಲ ದಿನ ಬುಟ್ಟಿ ಕೆಳಗೆ ಹಳೇ ಪೇಪರ್ ಹಾಸಿದ್ದೆ. ಕಾಲು ಜಾರಿ ಎರಡು ಮರಿಯ ತೊಡೆ ಅಗಲವಾಗತೊಡಗಿತು. ಪೇಪರ್ ತೆಗೆದು ಗೋಣಿ ಹಾಸಿದೆ. ನೀರಿನ ಬಟ್ಟಲಿನ ತುಂಬ ಹರಳು ಕಲ್ಲು. ಒಂದಂಗುಲ ನೀರಿನಲ್ಲಿ ಮುಳುಗಿ ಸಾಯುವಷ್ಟು ಸಣ್ಣವು. ಕೋಳಿ ಮರಿಗೆ ಹಾಕುವ ನುಚ್ಚು ಇವಕ್ಕೆ ಸಾಲದು. ಮೈ ಬೆಳೆಯಲು ಪ್ರೋಟೀನ್ ಜಾಸ್ತಿ ಬೇಕು. ಅತ್ತೆ ಹಳೇ ಉಪಾಯ ಮಾಡಿದರು. ಮಡಕೆಗೆ ಒಣ ಸಗಣಿ, ಹರಕು ಗೋಣಿ ತುಂಬಿ, ನೀರು ಚಿಮುಕಿಸಿ, ಬ್ಯಾಣದಲ್ಲಿ ಬೋರಲು ಹಾಕಿ ಬಂದರು. ಬೆಳಿಗ್ಗೆ ಎತ್ತಿದರೆ ತುಂಬಾ ಗೆದ್ದಲು. ಅದನ್ನು ಕೊಡವಿದಾಗ ಕರಿ ಹೇಂಟೆ "ಕೊಕ್ ಕೊಕ್" ಅಂತ ಕರೆಯಿತು. ಒಂಬತ್ತೂ ಓಡಿ ಬಂದವು. ಯಾರ ಭಾಷೆ ಯಾರಿಗೆ ಗೊತ್ತಾಗಲ್ಲ ಅಂತ ನಾನು ಇಷ್ಟು ಹೊತ್ತು ಬರೆದೆನಲ್ಲ, ಈ ಒಂದು ಶಬ್ದಕ್ಕೆ ಪಾಠ ಬೇಕಾಗಲಿಲ್ಲ.

ಮೃಗಶಿರೆ ಮಳೆ ಬರುವ ಹೊತ್ತಿಗೆ ಐದು ವಾರ ಆಗಿತ್ತು. ಒಂದು ಮರಿಯನ್ನು ಮುಂಗುಸಿ ಎತ್ತಿತು, ಎಂಟು ಉಳಿದವು. ಆರಿದ್ರ ಮಳೆ ಹಿಡಿದಾಗ ಹದಿನೈದು ದಿನ ಹೊರಗೇ ಬಿಡಲಿಲ್ಲ. ಆಮೇಲೆ ಬಿಟ್ಟಾಗ ಜಾಲರಿ, ಲೆಕ್ಕ, ಸರದಿ ಏನೂ ಬೇಕಾಗಲಿಲ್ಲ. ಸಂಜೆಯಾದರೆ ಹೇಂಟೆ ಒಡ್ಡಿಗೆ ಹೋಗುತ್ತಿತ್ತು, ಎಂಟೂ ಹಿಂದೆ. ಕೆಂಪಿ ಒಂದೆರಡು ಸಲ ಕುಕ್ಕಿದಳು, ಕರಿ ಹೇಂಟೆ ರೆಕ್ಕೆ ಅಗಲಿಸಿ ನಿಂತಿತು. ಕೋಳಿಯ ಮರಿಯನ್ನು ಹೇಗೆ ನೋಡುತ್ತಾರೋ ಹಾಗೇ ನೋಡಿದರು. ಇನ್ನೂ ಒಂದು ಬದಲಾವಣೆ ಕಂಡಿತು. ಹೋದ ವರ್ಷ ಗಿಡುಗ ಬಂದಾಗ ಗಿನಿ ಕೋಳಿಗಳು ಬಾಯಿ ಬಡಿದುಕೊಂಡರೆ ನಮ್ಮ ಕೋಳಿಗಳು ತಲೆಯೆತ್ತಿ ಅವುಗಳನ್ನೇ ನೋಡುತ್ತಿದ್ದವು. ಈಗ ಆ ಸದ್ದು ಬಂದ ತಕ್ಷಣ ಸೋಗೆಯ ಕೆಳಗೆ ನುಗ್ಗುತ್ತವೆ. ಆದರೆ ಇವು ಕಾಗೆಗೂ, ಹಾರಿ ಬಂದ ಪ್ಲಾಸ್ಟಿಕ್ ಚೀಲಕ್ಕೂ, ಗ್ಯಾಸ್ ಸಿಲಿಂಡರ್ ತರುವವನಿಗೂ ಹಾಗೇ ಕೂಗುತ್ತವೆ. ಹಾಗಾಗಿ ಕೋಳಿಗಳಿಗೆ ದಿನಕ್ಕೆ ಇಪ್ಪತ್ತು ಸಲ ಓಟ.

ಹಾಗಂತ ಒಂದೇ ಹಿಂಡು ಆಯಿತು ಅಂತ ಹೇಳುವ ಹಾಗಿಲ್ಲ. ಹಗಲು ಗಿನಿ ಕೋಳಿಗಳು ಬ್ಯಾಣ ಪೂರ್ತಿ ಸುತ್ತುತ್ತವೆ, ಕೋಳಿಗಳು ಅಂಗಳ ಬಿಡುವುದಿಲ್ಲ. ಸಂಜೆ ನುಚ್ಚಿಗೆ ಸೇರುತ್ತವೆ, ಮೇಲಿನ ದಬ್ಬೆಯಲ್ಲಿ ಅವರು, ಕೆಳಗಿನದ್ದರಲ್ಲಿ ಇವರು. ನನಗೆ ಇಷ್ಟು ಸಾಕು ಅನ್ನಿಸಿದೆ.

ಕರಿ ಹೇಂಟೆಯ ವಿಷಯ ಮಾತ್ರ ಇನ್ನೂ ಬಗೆಹರಿದಿಲ್ಲ. ನಾಟಿ ಕೋಳಿ ಎರಡು ತಿಂಗಳು ಮರಿ ಸಾಕುತ್ತೆ, ಆಮೇಲೆ ಒಂದು ದಿನ ಕುಕ್ಕಿ ಓಡಿಸುತ್ತೆ. ಮರಿಗಳು ಒಂದೆರಡು ದಿನ ಕೂಗಿ, ತಮ್ಮ ಪಾಡಿಗೆ ಹೋಗುತ್ತವೆ. ಕರಿ ಹೇಂಟೆಯೂ ಕುಕ್ಕಿತು. ಗಿನಿ ಜಾತಿಯಲ್ಲಿ ಮರಿ ಇಷ್ಟು ಬೇಗ ಬೇರೆಯಾಗುವ ಪದ್ಧತಿ ಇಲ್ಲ, ಹಿಂಡಿನ ಜೊತೆಗೇ ಉಳಿಯುತ್ತೆ. ಕುಕ್ಕಿಸಿಕೊಂಡವು ನಾಲ್ಕು ಮಾರು ಓಡಿ, ತಿರುಗಿ, ಮತ್ತೆ ಬಂದು ಅದರ ಹಿಂದೆಯೇ ನಿಂತವು. ಈಗ ಒಂದೊಂದೂ ಅದಕ್ಕಿಂತ ದೊಡ್ಡದಾಗಿದೆ. ಕರಿ ಹೇಂಟೆ ಮತ್ತೆ ಮೊಟ್ಟೆ ಇಡಲು ಬುಟ್ಟಿ ಹತ್ತಿದರೆ ಎಂಟೂ ಬುಟ್ಟಿಯ ಸುತ್ತ ಕಾವಲು ನಿಲ್ಲುತ್ತವೆ. ಹುಂಜವನ್ನು ಹತ್ತಿರ ಬಿಡುವುದಿಲ್ಲ.

ನಿನ್ನೆ ಸಂಜೆ ಎಂಟರಲ್ಲಿ ಐದು ಒಡ್ಡಿಗೆ ಬರದೆ ಹಲಸಿನ ಮರ ಹತ್ತಿದವು. ಕರಿ ಹೇಂಟೆ ಬುಡದಲ್ಲಿ ನಿಂತು ಮೇಲೆ ನೋಡಿ "ಕೊಕ್ ಕೊಕ್" ಅಂದಿತು. ಕತ್ತಲಾಗುತ್ತಿತ್ತು. ಮೇಲಿನಿಂದ ಒಂದು "ಎಲ್ಲೀ? ಎಲ್ಲೀ?" ಅಂತ ಶುರು ಮಾಡಿತು. ಅತ್ತೆ ಹೋಗಿ ಹೇಂಟೆಯನ್ನು ಕಂಕುಳಲ್ಲಿ ಎತ್ತಿಕೊಂಡು ಒಡ್ಡಿಗೆ ನಡೆದರು. ಬಾಗಿಲ ಹತ್ತಿರ ಬರುವಷ್ಟರಲ್ಲಿ ಮರದಿಂದ ದಪದಪ ಸದ್ದು. ನಾನು ಟಾರ್ಚು ಬಿಟ್ಟು ಎಣಿಸಿದೆ. ನಾಲ್ಕು ಬಂದಿದ್ದವು. ಇನ್ನೊಂದಕ್ಕೆ ಬಾಗಿಲು ಅರ್ಧ ತೆಗೆದಿಟ್ಟು ಅಲ್ಲೇ ಮೆಟ್ಟಿಲ ಮೇಲೆ ಕೂತೆವು.